ಬೆಲೆಪಟ್ಟಿಯ ಒಂದು ಸಾಲೂ ಅಮಾನತ್ತು



ಸಂತೆಯಿಂದ ಮರಳುತ್ತಿರುವವನನ್ನು ದಾರಿಯಲ್ಲಿ ನಿಲ್ಲಿಸಿ, ‘ಇವತ್ತು ಈರುಳ್ಳಿಗೆ ಏನು ಬೆಲೆ? ಒಣಮೆಣಸು ಹೇಗೆ?’ ಎಂದು ವಿಚಾರಿಸುವ ರೂಢಿ ನಮ್ಮ ಹಿರಿಯರಲ್ಲಿತ್ತು. ಅವನೂ ಇದ್ದದ್ದನ್ನು ಇದ್ದಂತೆ ಹೇಳುತ್ತಿದ್ದನು. ‘ಮೂಲೆಯ ಅಂಗಡಿಯಲ್ಲಿ ಅಗ್ಗ, ಆದರೆ ಮೆಣಸಿಗೆ ನೀರು ಚಿಮುಕಿಸಿದ್ದಾನೆ, ನೋಡಿ ತೆಗೆದುಕೊಳ್ಳಿ’ ಎಂದು ಎಚ್ಚರಿಸುತ್ತಲೂ ಇದ್ದನು. ಈ ಮಾತಿಗೆ ಅವನು ಕೂಲಿ ಕೇಳುತ್ತಿರಲಿಲ್ಲ. ತನಗೆ ತಿಳಿದದ್ದು ಇನ್ನೊಬ್ಬನ ಉಪಯೋಗಕ್ಕೆ ಬರಲಿ ಎಂಬುದಷ್ಟೇ ಅವನ ಉದ್ದೇಶವಾಗಿತ್ತು.

ಇಂದು ಸಂತೆಯು ಮೊಬೈಲಿನೊಳಗೆ ಬಂದು ಕುಳಿತಿದೆ. ಒಂದೇ ಮಿಕ್ಸಿಗೆ ಒಂದು ಕಡೆ ಒಂದು ಬೆಲೆ, ಇನ್ನೊಂದು ಕಡೆ ಇನ್ನೊಂದು ಬೆಲೆ. ಬೆಳಿಗ್ಗೆ ಇದ್ದ ಬೆಲೆ ಸಂಜೆಗೆ ಇರುವುದಿಲ್ಲ. ದಾರಿಯಲ್ಲಿ ನಿಲ್ಲಿಸಿ ವಿಚಾರಿಸೋಣವೆಂದರೆ ದಾರಿಯೇ ಇಲ್ಲ. ಈ ಗೊಂದಲಕ್ಕೆ ಜನರು ತಾವೇ ಕಂಡುಕೊಂಡ ಪರಿಹಾರಗಳಲ್ಲಿ ಹಂಚಿಕೆಯ ಬೆಲೆಪಟ್ಟಿಯೂ ಒಂದು. ಕಚೇರಿಗಳಲ್ಲಿ ಲೆಕ್ಕಪತ್ರಕ್ಕೆ ಬಳಸುವ ಸ್ಪ್ರೆಡ್‌ಶೀಟ್ ನಿಮಗೆ ಗೊತ್ತಿರಬಹುದು. 1979ರಲ್ಲಿ ವಿಸಿಕ್ಯಾಲ್ಕ್ ಎಂಬ ಹೆಸರಿನಲ್ಲಿ ಸಣ್ಣ ಕಂಪ್ಯೂಟರುಗಳಿಗೆ ಬಂದ ಈ ಸಾಧನವನ್ನು ಹಲವರು ತಮ್ಮ ತಮ್ಮ ಮನೆಯಿಂದಲೇ ಏಕಕಾಲಕ್ಕೆ ತೆರೆದು ಬರೆಯುವಂತೆ 2006ರಲ್ಲಿ ಗೂಗಲ್ ಒದಗಿಸಿತು. ಅಂದಿನಿಂದ ಅದು ಲೆಕ್ಕಿಗರ ಕೈಯಿಂದ ಗೃಹಿಣಿಯರ ಕೈಗೂ ಬಂದಿದೆ.

ನಮ್ಮ ಬೀದಿಯ ಹನ್ನೊಂದು ಮನೆಗಳವರು ಇಂಥ ಒಂದು ಪಟ್ಟಿಯನ್ನು ಇಟ್ಟುಕೊಂಡಿದ್ದೇವೆ. ಎಲ್ಲ ಧರ್ಮದವರೂ ಇದ್ದಾರೆ. ಸಾಮಾನಿನ ಹೆಸರು, ಮಾದರಿ, ತೂಕ, ಬೆಲೆ, ತಲುಪಿಸುವ ಖರ್ಚು, ಬೆಲೆ ನೋಡಿದ ದಿನಾಂಕ, ಕೊಳ್ಳುವ ಲಿಂಕ್ ಮತ್ತು ಬರೆದವರ ಹೆಸರು ಇಷ್ಟು ಅದರ ಅಂಕಣಗಳು. ಇದರ ಲಾಭ ಸಣ್ಣದಲ್ಲ. ಉದಾಹರಣೆಗೆ 950 ಗ್ರಾಂ ಸೋಪಿನ ಪುಡಿಗೆ 190 ರೂಪಾಯಿ, ಒಂದೂವರೆ ಕಿಲೋ ಪೊಟ್ಟಣಕ್ಕೆ 285 ರೂಪಾಯಿ ಎಂದಿಟ್ಟುಕೊಳ್ಳಿ. ಕಿಲೋ ಲೆಕ್ಕದಲ್ಲಿ ಮೊದಲನೆಯದು 200 ರೂಪಾಯಿ, ಎರಡನೆಯದು 190 ರೂಪಾಯಿ. ದೊಡ್ಡ ಪೊಟ್ಟಣವೇ ಅಗ್ಗವೆಂದು ಕಾಣುತ್ತದೆ. ಆದರೆ ಅದನ್ನು ತಲುಪಿಸಲು 40 ರೂಪಾಯಿ ತೆತ್ತರೆ ಕಿಲೋಗೆ 216 ರೂಪಾಯಿಗೂ ಮೇಲಾಗುತ್ತದೆ. ಒಬ್ಬರು ಒಮ್ಮೆ ಲೆಕ್ಕ ಹಾಕಿಟ್ಟರೆ ಹನ್ನೊಂದು ಮನೆಗಳ ಸಮಯವೂ ಹಣವೂ ಉಳಿಯುತ್ತವೆ.

ಈ ಪಟ್ಟಿಯಿಂದಾಗಿ ಕಳೆದ ವರ್ಷ ನಮ್ಮ ಬೀದಿಯಲ್ಲಿ ಒಂದು ಪ್ರಶ್ನೆ ಹುಟ್ಟಿತು. ಅದನ್ನು ನಿಮ್ಮ ಮುಂದಿಡಬೇಕೆಂಬುದೇ ಈ ಬರಹದ ಉದ್ದೇಶ.

ಯಾರಿಗೂ ನಷ್ಟವಿಲ್ಲದ ಗುಟ್ಟು

ಪಟ್ಟಿಯಲ್ಲಿ ಅತಿ ಹೆಚ್ಚು ಸಾಲುಗಳನ್ನು ಬರೆಯುತ್ತಿದ್ದವರು ಒಬ್ಬ ಸಹೋದರಿ. ಮನೆಯ ಜವಾಬ್ದಾರಿಯೆಲ್ಲ ಆಕೆಯ ಹೆಗಲ ಮೇಲಿದೆ. ಒಂದು ದಿನ ಬೀದಿಯ ಕಾಲೇಜು ಹುಡುಗನೊಬ್ಬ ಆಕೆ ಬರೆದ ಲಿಂಕ್‌ಗಳನ್ನು ಗಮನಿಸಿ ಒಂದು ಸಂಗತಿ ಹೇಳಿದ. ಆ ಲಿಂಕ್‌ಗಳ ಕೊನೆಯಲ್ಲಿ ಆಕೆಯ ಗುರುತಿನ ಸಂಕೇತವಿದೆ. ಅದರ ಮೂಲಕ ಯಾರು ಕೊಂಡರೂ ಮಾರಾಟದ ಸಂಸ್ಥೆಯಿಂದ ಆಕೆಗೆ ಸಣ್ಣದೊಂದು ಕಮಿಷನ್ ಸಿಗುತ್ತದೆ ಎಂದು. ಆನ್‌ಲೈನ್ ವ್ಯಾಪಾರದಲ್ಲಿ ಇದು ಬಹಳ ಕಡೆ ಇರುವ ಏರ್ಪಾಡು. ಕೊಳ್ಳುವವನು ಕೊಡುವ ಬೆಲೆ ಇದರಿಂದ ಹೆಚ್ಚಾಗುವುದಿಲ್ಲ. ಕಮಿಷನ್ನನ್ನು ಮಾರುವ ಸಂಸ್ಥೆಯೇ ಭರಿಸುತ್ತದೆ.

ಬೀದಿಯಲ್ಲಿ ಎರಡು ಅಭಿಪ್ರಾಯಗಳಾದವು. ‘ನಮ್ಮನ್ನು ಮೋಸಗೊಳಿಸಿದರು’ ಎಂದು ಕೆಲವರು ಹೇಳಿದರು. ‘ನಮ್ಮ ಕಿಸೆಯಿಂದ ಒಂದು ಪೈಸೆಯೂ ಹೋಗಿಲ್ಲ. ಬಡ ಸಂಸಾರಕ್ಕೆ ನಾಲ್ಕು ಕಾಸು ಸಿಕ್ಕಿದರೆ ನಮಗೇನು ಕಷ್ಟ?’ ಎಂದು ಇನ್ನು ಕೆಲವರು ಕೇಳಿದರು. ಯಾರಿಗೂ ನಷ್ಟವಾಗದಿರುವಾಗ ಮರೆಮಾಚುವುದು ತಪ್ಪಾಗುತ್ತದೆಯೇ? ನೀವಾದರೆ ಏನು ಹೇಳುತ್ತೀರಿ? ಉತ್ತರ ಕೊಡುವ ಮೊದಲು ಸ್ವಲ್ಪ ನಿಲ್ಲಿ. ಇದು ಮೇಲ್ನೋಟಕ್ಕೆ ಕಾಣುವಷ್ಟು ಸುಲಭದ ಪ್ರಶ್ನೆಯಲ್ಲ.

ಬೆಲೆಯ ಅರಿವು ಯಾರ ಸೊತ್ತು?

ಹದಿನಾಲ್ಕು ಶತಮಾನಗಳ ಹಿಂದಿನ ಮದೀನಾದ ಮಾರುಕಟ್ಟೆಯನ್ನು ಕಲ್ಪಿಸಿಕೊಳ್ಳಿ. ಹೊರಗಿನಿಂದ ಧಾನ್ಯದ ಸರಕು ಹೊತ್ತ ಒಂಟೆಗಳ ತಂಡವೊಂದು ಬರುತ್ತಿದೆ. ಊರಿನ ಚತುರ ವ್ಯಾಪಾರಿಯೊಬ್ಬ ಊರ ಹೊರಗೇ ಹೋಗಿ ಅವರನ್ನು ಎದುರುಗೊಳ್ಳುತ್ತಾನೆ. ಅಂದಿನ ಮಾರುಕಟ್ಟೆಯ ಬೆಲೆ ಅವರಿಗೆ ತಿಳಿಯದು. ಆ ಅಜ್ಞಾನವನ್ನು ಬಳಸಿಕೊಂಡು ಕಡಿಮೆ ಬೆಲೆಗೆ ಎಲ್ಲವನ್ನೂ ಕೊಳ್ಳುತ್ತಾನೆ. ಅವನು ಬಲವಂತ ಮಾಡಿಲ್ಲ, ಕದ್ದಿಲ್ಲ, ಇಬ್ಬರೂ ಒಪ್ಪಿಯೇ ವ್ಯವಹಾರ ಮುಗಿದಿದೆ. ಆದರೂ ಪ್ರವಾದಿವರ್ಯರು(ಸ) ಇದನ್ನು ನಿಷೇಧಿಸಿದರು. ಹೀಗೆ ಮಾರಿದವನು ಮಾರುಕಟ್ಟೆಗೆ ಬಂದು ನಿಜಸ್ಥಿತಿ ತಿಳಿದ ಬಳಿಕ ಆ ವ್ಯಾಪಾರವನ್ನು ರದ್ದುಪಡಿಸುವ ಹಕ್ಕು ಅವನಿಗಿದೆ ಎಂದೂ ತಿಳಿಸಿದರು.

ಬೆಲೆಯ ಅರಿವು ಬಲ್ಲವನ ಖಾಸಗಿ ಆಯುಧವಲ್ಲ, ವ್ಯವಹಾರಕ್ಕೆ ಕುಳಿತ ಇಬ್ಬರಿಗೂ ಸಲ್ಲಬೇಕಾದದ್ದು ಎಂಬುದು ಇದರಿಂದ ಸ್ಪಷ್ಟವಾಗುತ್ತದೆ. ಈ ದೃಷ್ಟಿಯಿಂದ ನೋಡಿದರೆ ಹಂಚಿಕೆಯ ಬೆಲೆಪಟ್ಟಿಯು ಒಂದು ಒಳ್ಳೆಯ ಕೆಲಸವೇ ಸರಿ. ಮೊಬೈಲಿನ ಸಂತೆಯಲ್ಲಿ ಇಂದು ಬೆಲೆ ತಿಳಿಯದವನು ಕೊಳ್ಳುವವನೇ. ಪಟ್ಟಿ ಬರೆಯುವವನು ಅವನ ಕೈಹಿಡಿದು ಮಾರುಕಟ್ಟೆಯ ನಡುವೆ ತಂದು ನಿಲ್ಲಿಸುತ್ತಾನೆ.

ಮತ್ತೊಂದು ಪ್ರಸಂಗ ನಿಮಗೆ ತಿಳಿದದ್ದೇ. ಪ್ರವಾದಿವರ್ಯರು(ಸ) ಮಾರುಕಟ್ಟೆಯಲ್ಲಿ ಧಾನ್ಯದ ರಾಶಿಯೊಂದರೊಳಗೆ ಕೈ ಹಾಕಿದಾಗ ಬೆರಳುಗಳಿಗೆ ತೇವ ತಗುಲಿತು. ಮಳೆಗೆ ನೆನೆಯಿತೆಂದು ವ್ಯಾಪಾರಿ ಹೇಳಿದ. ಹಾಗಾದರೆ ಜನರು ನೋಡುವಂತೆ ನೆನೆದದ್ದನ್ನು ಮೇಲೆ ಇಡಬಾರದಿತ್ತೇ ಎಂದು ಅವರು ವಿಚಾರಿಸಿದರು. ನೆನೆದ ಧಾನ್ಯವನ್ನು ಮಾರಬಾರದೆಂದು ಅವರು ಹೇಳಲಿಲ್ಲ ಎಂಬುದನ್ನು ಗಮನಿಸಿ. ಅದು ಎಲ್ಲಿರಬೇಕು ಎಂಬುದಷ್ಟೇ ಪ್ರಶ್ನೆಯಾಗಿತ್ತು. ಕಣ್ಣಿಗೆ ಕಾಣುವಂತೆ ಮೇಲಿದ್ದರೆ ಅದು ಪ್ರಾಮಾಣಿಕ ವ್ಯಾಪಾರ, ಅಡಿಯಲ್ಲಿದ್ದರೆ ವಂಚನೆ.

ಈಗ ಆ ಸಹೋದರಿಯ ವಿಷಯಕ್ಕೆ ಬರೋಣ. ದುಡಿಮೆಗೆ ಪ್ರತಿಫಲ ಪಡೆಯುವುದು ತಪ್ಪಲ್ಲ. ಮಧ್ಯಸ್ಥಿಕೆ ವಹಿಸಿ ದಲಾಲಿ ಪಡೆಯುವುದನ್ನು ವಿದ್ವಾಂಸರು ಸಮ್ಮತಿಸಿದ್ದಾರೆ. ಆಕೆ ಗಂಟೆಗಟ್ಟಲೆ ಹುಡುಕಿ ಬರೆಯುತ್ತಿದ್ದುದೂ ನಿಜ. ಹಾಗಾದರೆ ಅಡಿಯಲ್ಲಿ ಉಳಿದದ್ದು ಯಾವುದು? ತನಗೆ ಲಾಭವಿದೆ ಎಂಬ ಒಂದು ಸಂಗತಿ. ನೆರೆಯವರು ಪಟ್ಟಿಯ ಸಾಲನ್ನು ನೆರೆಯಾಕೆಯ ಹಿತವಚನವೆಂದು ಓದುತ್ತಿದ್ದರು. ಅದು ನೆರೆಯಾಕೆಯ ಮಾತೂ ಆಗಿತ್ತು, ದಲಾಲಿಯ ಮಾತೂ ಆಗಿತ್ತು. ಒಂದೇ ಮಾತಾದರೂ ಹೇಳುವವನಿಗೆ ಅದರಿಂದ ಏನು ಸಿಗುತ್ತದೆ ಎಂಬುದನ್ನು ತಿಳಿದ ಮೇಲೆ ನಾವು ಅದನ್ನು ಬೇರೆ ತಕ್ಕಡಿಯಲ್ಲಿ ತೂಗುತ್ತೇವೆ. ಹಾಗೆ ತೂಗುವ ಹಕ್ಕು ಕೇಳುವವನಿಗಿದೆ. ನೆರೆಯವರಿಂದ ಹೋದದ್ದು ಹಣವಲ್ಲ, ಈ ಹಕ್ಕು. ನಷ್ಟವೆಂದರೆ ಕಿಸೆಯ ನಷ್ಟ ಮಾತ್ರ ಎಂದು ಭಾವಿಸುವವರಿಗೆ ಇದು ಕಾಣುವುದಿಲ್ಲ.

ಇದಕ್ಕಿಂತಲೂ ಸೂಕ್ಷ್ಮವಾದ ಇನ್ನೊಂದು ಸಂಗತಿಯನ್ನು ಸ್ವತಃ ಆಕೆಯೇ ಒಪ್ಪಿಕೊಂಡರು. ನಮ್ಮ ಪಕ್ಕದ ಗಾಣದ ಕೊಬ್ಬರಿ ಎಣ್ಣೆಯ ಬೆಲೆಯನ್ನು ಆಕೆ ಮೊದಮೊದಲು ಪಟ್ಟಿಯಲ್ಲಿ ಬರೆಯುತ್ತಿದ್ದರು. ಅದು ಅಗ್ಗವೂ ಆಗಿತ್ತು, ಶುದ್ಧವೂ ಆಗಿತ್ತು. ಆದರೆ ಗಾಣಕ್ಕೆ ಲಿಂಕ್ ಇಲ್ಲ, ಲಿಂಕ್ ಇಲ್ಲದಲ್ಲಿ ಕಮಿಷನ್ ಇಲ್ಲ. ಕೆಲವು ತಿಂಗಳಲ್ಲಿ ಆ ಸಾಲು ಪಟ್ಟಿಯಿಂದ ಮಾಯವಾಯಿತು. ‘ಬೇಕೆಂದು ತೆಗೆಯಲಿಲ್ಲ, ಬರೆಯಬೇಕೆಂದು ಅನಿಸಲೇ ಇಲ್ಲ’ ಎಂದು ಆಕೆ ಹೇಳಿದಾಗ ನಮಗೆಲ್ಲ ಮಾತು ಹೊರಡಲಿಲ್ಲ. ಗುಪ್ತ ಲಾಭದ ಕೆಲಸವೇ ಹಾಗೆ. ಅದು ನಾಲಗೆಯಿಂದ ಸುಳ್ಳು ಹೇಳಿಸುವುದಕ್ಕಿಂತ ಬಹಳ ಮೊದಲೇ ಕಣ್ಣಿಗೆ ಕೆಲವನ್ನು ಕಾಣದಂತೆ ಮಾಡುತ್ತದೆ. ಜನರಿಗೆ ತಿಳಿದೀತೆಂಬ ಅಳುಕು ಮನಸ್ಸನ್ನು ಚುಚ್ಚುವುದೇ ಪಾಪದ ಗುರುತು ಎಂದು ನಮಗೆ ಕಲಿಸಲಾಗಿದೆ. ಆ ಅಳುಕು ಹುಟ್ಟಿದ ದಿನವೇ ಒಂದು ಮಾತು ಬರೆದಿದ್ದರೆ ಸಾಕಿತ್ತು.

ದೇಶದ ಕಾನೂನೂ ಈಗ ಇದೇ ದಾರಿಯಲ್ಲಿದೆ. ಹಣ ಅಥವಾ ಬೇರೆ ಪ್ರಯೋಜನ ಪಡೆದು ಒಂದು ವಸ್ತುವನ್ನು ಹೊಗಳುವವರು ಆ ಸಂಬಂಧವನ್ನು ಬಹಿರಂಗಪಡಿಸಬೇಕೆಂದು ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರದ 2022ರ ಮಾರ್ಗಸೂಚಿ ಹೇಳುತ್ತದೆ. ಆದರೆ ಹನ್ನೊಂದು ಮನೆಗಳ ಪಟ್ಟಿಯನ್ನು ತಪಾಸಣೆ ಮಾಡಲು ಯಾವ ಅಧಿಕಾರಿಯೂ ಬರುವುದಿಲ್ಲ. ಅಲ್ಲಿ ಅಲ್ಲಾಹನ ಭಯವೇ ಕಾವಲುಗಾರ.

ಬರೆಯದೆ ಉಳಿದವನ ತಪ್ಪು

ಓದುಗರೇ, ಇಲ್ಲಿಯವರೆಗೆ ನಾನು ಇನ್ನೊಬ್ಬರ ತಪ್ಪನ್ನು ಹೇಳಿದೆ. ಅಂದು ನಾವು ಕುಳಿತು ಇದೇ ವಿಷಯ ಚರ್ಚಿಸುತ್ತಿದ್ದಾಗ ಪ್ರಾಮಾಣಿಕತೆಯ ಕುರಿತು ಹೆಚ್ಚು ಮಾತನಾಡಿದವನು ನಾನೇ. ಆಗ ಹೊಲಿಗೆ ಕೆಲಸ ಮಾಡುವ ನೆರೆಯಾಕೆಯೊಬ್ಬರು ಮೆಲ್ಲನೆ ಕೇಳಿದರು: ‘ಅಣ್ಣಾ, ಮಿಕ್ಸಿಯ ವಿಷಯ ನಿಮಗೆ ಮೊದಲೇ ಗೊತ್ತಿತ್ತಲ್ಲ?’

ಗೊತ್ತಿತ್ತು. ಪಟ್ಟಿ ನೋಡಿ ನಾನೂ ಅದೇ ಮಿಕ್ಸಿ ತರಿಸಿದ್ದೆ. ಜಾರಿನ ತಳದಿಂದ ನೀರು ಸೋರುತ್ತಿತ್ತು. ಏಳು ದಿನದ ಗಡುವಿನೊಳಗೆ ಹಿಂದಿರುಗಿಸಿ ಹಣ ಪಡೆದು ಸುಮ್ಮನಾದೆ. ಪಟ್ಟಿಯಲ್ಲಿ ಆ ಸಾಲಿನ ಪಕ್ಕ ‘ಜಾರು ಸೋರುತ್ತದೆ’ ಎಂದು ಎರಡು ಪದ ಬರೆಯಲು ಅರ್ಧ ನಿಮಿಷ ಸಾಕಿತ್ತು. ಬರೆಯಲಿಲ್ಲ. ಮೂರು ವಾರಗಳ ನಂತರ ಆಕೆ ಹೊಲಿಗೆಯ ಹಣ ಕೂಡಿಟ್ಟು ಮಗಳಿಗೆ ಕೊಡಲೆಂದು ಅದನ್ನೇ ತರಿಸಿದರು. ಉಡುಗೊರೆಯಾದ್ದರಿಂದ ಪೆಟ್ಟಿಗೆ ಬಿಚ್ಚಲಿಲ್ಲ. ಮಗಳ ಮನೆಯಲ್ಲಿ ಬಿಚ್ಚಿದಾಗ ಗಡುವು ಮುಗಿದಿತ್ತು.

ಕಮಿಷನ್ ಪಡೆದ ಸಹೋದರಿಯಿಂದ ಯಾರಿಗೂ ಹಣ ನಷ್ಟವಾಗಿರಲಿಲ್ಲ. ಒಂದು ಕಾಸೂ ಪಡೆಯದ ನನ್ನಿಂದ ಆಯಿತು. ಸರಕಿನ ದೋಷವನ್ನು ಹೇಳುವ ಹೊಣೆ ಮಾರುವವನದು ಮಾತ್ರವೆಂದು ನಾನು ತಿಳಿದಿದ್ದೆ. ಆದರೆ ಹಂಚಿಕೆಯ ಪಟ್ಟಿಯಲ್ಲಿ ಪಾಲುದಾರನಾದ ಮೇಲೆ ಓದುವವನು ಬರೆಯುವವನೂ ಆಗಿರುತ್ತಾನೆ. ದೋಷ ತಿಳಿದೂ ಸಾಲನ್ನು ಹಾಗೆಯೇ ಬಿಟ್ಟವನು ಆ ಸಾಲಿಗೆ ಸಹಿ ಹಾಕಿದಂತೆಯೇ ಸರಿ.

ಇಮಾಮ್ ಅಬೂ ಹನೀಫಾ(ರ) ಕೂಫಾದಲ್ಲಿ ಬಟ್ಟೆಯ ವ್ಯಾಪಾರಿಯಾಗಿದ್ದರು. ದೋಷವಿದ್ದ ಬಟ್ಟೆಯನ್ನು ದೋಷ ಹೇಳಿಯೇ ಮಾರಬೇಕೆಂದು ಅವರು ಪಾಲುದಾರನಿಗೆ ತಿಳಿಸಿದ್ದರೂ ಅವನು ಮರೆತು ಮಾರಿಬಿಟ್ಟನು. ಕೊಂಡವನು ಯಾರೆಂದು ಪತ್ತೆಯಾಗಲಿಲ್ಲ. ಇಮಾಮರು ಆ ಮಾರಾಟದ ಹಣವನ್ನೆಲ್ಲ ದಾನ ಮಾಡಿದರೆಂಬ ಪ್ರಸಂಗ ಪ್ರಸಿದ್ಧವಾಗಿದೆ. ಅಲ್ಲಿ ನಡೆದದ್ದು ಕೇವಲ ಮರೆವು. ನನ್ನದು ಮರೆವಲ್ಲ, ಉದಾಸೀನ. ನನಗೆ ಕೊಂಡವರ ಮನೆಯೂ ಗೊತ್ತಿತ್ತು. ಅಂದು ಸಂಜೆ ಹೋಗಿ ಮಿಕ್ಸಿಯ ಬೆಲೆಯನ್ನು ಒಪ್ಪಿಸಿದೆ. ‘ಅಯ್ಯೋ, ಅದಕ್ಕಲ್ಲ ಹೇಳಿದ್ದು ಅಣ್ಣಾ’ ಎಂದು ಆಕೆ ಬಹಳ ಹೊತ್ತು ಬೇಡವೆಂದರು. ಪಡೆದುಕೊಂಡಾಗ ಉಪಕಾರವಾದದ್ದು ನನಗೆ.

ಅಗ್ಗವೆಂಬ ಬಲೆ

ಪಟ್ಟಿ ಇಟ್ಟುಕೊಳ್ಳುವವರು ಎಚ್ಚರದಿಂದಿರಬೇಕಾದ ಇನ್ನೂ ಕೆಲವು ಸಂಗತಿಗಳಿವೆ.

ಮೊದಲನೆಯದು, ಸುಳ್ಳು ರಿಯಾಯಿತಿ. ಗರಿಷ್ಠ ಚಿಲ್ಲರೆ ಬೆಲೆಗಿಂತ ಹೆಚ್ಚಿಗೆ ಮಾರಬಾರದೆಂದು ಕಾನೂನಿದೆ. ಆದರೆ ಆ ಬೆಲೆಗೆ ಗೀಟು ಹಾಕಿ ಪಕ್ಕದಲ್ಲಿ ಅರ್ಧ ಬೆಲೆ ತೋರಿಸಿದ ಮಾತ್ರಕ್ಕೆ ಅದು ಅಗ್ಗವಾಗುವುದಿಲ್ಲ. 2014ರ ಅಕ್ಟೋಬರ್ 6ರಂದು ಬೆಂಗಳೂರಿನ ಫ್ಲಿಪ್‌ಕಾರ್ಟ್ ಸಂಸ್ಥೆಯು ತನ್ನ ಮೊದಲ ಮಹಾಮಾರಾಟ ನಡೆಸಿದಾಗ ಬೆಲೆಗಳ ಏರಿಳಿತ, ಸರಕಿನ ಅಭಾವ ಮುಂತಾದವುಗಳಿಂದ ಗ್ರಾಹಕರು ಸಿಟ್ಟಾದರು. ಸಂಸ್ಥಾಪಕರು ಪತ್ರ ಬರೆದು ಕ್ಷಮೆ ಯಾಚಿಸಿದರು. ಪಟ್ಟಿಯಲ್ಲಿ ದಿನಾಂಕದ ಅಂಕಣವಿರಬೇಕಾದದ್ದು ಇದಕ್ಕಾಗಿಯೇ. ತಿಂಗಳ ಹಿಂದಿನ ಬೆಲೆ ಬರೆದಿದ್ದರೆ ‘ಅರ್ಧ ಬೆಲೆ’ ಎಂಬ ಕೂಗಿನ ನಿಜಸ್ಥಿತಿ ತಾನಾಗಿ ತಿಳಿಯುತ್ತದೆ. ಕೊಳ್ಳುವ ಮನಸ್ಸಿಲ್ಲದೆ ಬೆಲೆ ಏರಿಸುವುದಕ್ಕಾಗಿಯೇ ಹರಾಜು ಕೂಗುವುದನ್ನು ಪ್ರವಾದಿವರ್ಯರು(ಸ) ತಡೆದಿದ್ದರು. ಹಣ ಪಡೆದು ಬರೆದ ಹುಸಿ ಹೊಗಳಿಕೆಗಳೂ ‘ಇನ್ನೆರಡೇ ಉಳಿದಿವೆ’ ಎಂಬ ಸುಳ್ಳು ಆತುರವೂ ಅದೇ ವಂಶದವು. ಇಂಥ ಹದಿಮೂರು ಬಗೆಯ ಕುಟಿಲ ವಿಧಾನಗಳನ್ನು ಕೇಂದ್ರ ಸರಕಾರವು 2023ರ ನವೆಂಬರ್ 30ರ ಮಾರ್ಗಸೂಚಿಯಲ್ಲಿ ಹೆಸರಿಸಿ ನಿಷೇಧಿಸಿದೆ. ಮೋಸ ಹೋದವರು 1915 ಸಂಖ್ಯೆಗೆ ಕರೆ ಮಾಡಿ ದೂರು ಕೊಡಬಹುದು.

ಎರಡನೆಯದು, ‘ಬಡ್ಡಿಯಿಲ್ಲದ ಕಂತು’. ಅನೇಕ ಸಂದರ್ಭಗಳಲ್ಲಿ ಬ್ಯಾಂಕು ಬಡ್ಡಿ ಹಾಕಿಯೇ ಇರುತ್ತದೆ. ಅಷ್ಟೇ ಮೊತ್ತವನ್ನು ಬೆಲೆಯಲ್ಲಿ ಕಡಿತ ಮಾಡಿ ತೋರಿಸುತ್ತಾರೆ, ಬಡ್ಡಿಯ ಮೇಲಿನ ತೆರಿಗೆಯನ್ನು ನೀವೇ ತೆರುತ್ತೀರಿ. ಶೂನ್ಯ ಬಡ್ಡಿ ಎಂಬುದು ವಾಸ್ತವದಲ್ಲಿ ಇಲ್ಲವೆಂದು ರಿಸರ್ವ್ ಬ್ಯಾಂಕ್ 2013ರಲ್ಲೇ ಬ್ಯಾಂಕುಗಳಿಗೆ ತಿಳಿಸಿತ್ತು. ಆದ್ದರಿಂದ ಪಟ್ಟಿಯಲ್ಲಿ ನಗದು ಬೆಲೆಯನ್ನಷ್ಟೇ ಬರೆಯಿರಿ.

ಮೂರನೆಯದು, ‘ಲೂಟ್’. ಸಂಸ್ಥೆಯ ಕೈತಪ್ಪಿನಿಂದ 1,999 ರೂಪಾಯಿಯ ವಸ್ತುವಿಗೆ 199 ಎಂದು ಬಿದ್ದಿದ್ದರೆ ಅದನ್ನು ಹಂಚುವವರು ಈ ಪದವನ್ನೇ ಬಳಸುತ್ತಾರೆ. ಪದವೇ ಸತ್ಯ ಹೇಳುತ್ತಿದೆ! ಬೇರೆಯವನ ಕಣ್ತಪ್ಪನ್ನು ತಿಳಿದೂ ತಿಳಿದೂ ಬಳಸಿಕೊಳ್ಳುವುದಕ್ಕೂ ಊರ ಹೊರಗೆ ಒಂಟೆಗಳನ್ನು ಎದುರುಗೊಳ್ಳುವುದಕ್ಕೂ ಏನು ವ್ಯತ್ಯಾಸ? ಹೊಸ ಗ್ರಾಹಕನ ರಿಯಾಯಿತಿಗಾಗಿ ಮನೆಮಂದಿಯ ಹೆಸರಲ್ಲೆಲ್ಲ ಖಾತೆ ತೆರೆಯುವುದೂ ಸುಳ್ಳೇ. ನಕಲಿ ಮಾಲಿನ ವಿಷಯವನ್ನಂತೂ ಹೇಳಬೇಕಾಗಿಲ್ಲ. ಯುರೋಪ್, ಅಮೆರಿಕಗಳ ಯುವಕರು ಚೀನಾದ ನಕಲಿ ಶೂ, ಉಡುಪುಗಳಿಗಾಗಿ ಇಂಥ ದೊಡ್ಡ ದೊಡ್ಡ ಪಟ್ಟಿಗಳನ್ನೇ ಮಾಡಿಕೊಂಡಿದ್ದರು. ಅದಕ್ಕೆ ಮಧ್ಯವರ್ತಿಯಾಗಿದ್ದ ಪಾಂಡಾಬೈ ಎಂಬ ಸಂಸ್ಥೆಯ ಗೋದಾಮುಗಳ ಮೇಲೆ 2024ರಲ್ಲಿ ಚೀನಾದ ಪೊಲೀಸರೇ ದಾಳಿ ಮಾಡಿದರು. ಪಟ್ಟಿ ಎಷ್ಟು ಅಚ್ಚುಕಟ್ಟಾಗಿದ್ದರೂ ಅದರ ಮೂಲಕ ಮನೆಗೆ ಬರುವುದು ಹಲಾಲ್ ಆಗಿರಬೇಡವೇ?

ಕೊನೆಯದು, ಎಲ್ಲಕ್ಕಿಂತ ಸಾಮಾನ್ಯವಾದದ್ದು. ಅಗ್ಗವೆಂದು ಕೊಂಡ ಬೇಡದ ವಸ್ತು. 800 ರೂಪಾಯಿಯ ಸಾಮಾನು 500ಕ್ಕೆ ಸಿಕ್ಕಿದರೆ 300 ಉಳಿಯಿತೆಂದು ನಾವು ಹೇಳಿಕೊಳ್ಳುತ್ತೇವೆ. ಅದು ನಮಗೆ ಬೇಡವಾಗಿದ್ದರೆ 500 ಹೋಯಿತೆಂಬುದೇ ಸರಿಯಾದ ಲೆಕ್ಕ. ದುಂದುವೆಚ್ಚವನ್ನು ರಿಯಾಯಿತಿಯು ಮಿತವ್ಯಯವಾಗಿ ಮಾರ್ಪಡಿಸುವುದಿಲ್ಲ. ಬೆಲೆ ನೋಡುವ ಮೊದಲು ಅಗತ್ಯವನ್ನು ನೋಡಿ. ಹಾಗೆಯೇ ಬೀದಿಯ ಅಂಗಡಿಯವನನ್ನೂ ನೆನೆಯಿರಿ. ಅವನ ಅಂಗಡಿಯಲ್ಲಿ ಅರ್ಧ ಗಂಟೆ ಸಾಮಾನು ತೆಗೆಸಿ ನೋಡಿ, ಕೊಳ್ಳುವುದನ್ನು ಮೊಬೈಲಿನಲ್ಲಿ ಮಾಡಲು ಮೊದಲೇ ನಿರ್ಧರಿಸಿದ್ದರೆ ಅವನ ದುಡಿಮೆಯನ್ನು ನೀವು ಬಿಟ್ಟಿಯಾಗಿ ಪಡೆದಂತಾಯಿತು. ಎಲ್ಲವನ್ನೂ ಅವನಲ್ಲೇ ಕೊಳ್ಳಬೇಕೆಂದಿಲ್ಲ. ಅವನ ಬೆಲೆಯನ್ನೂ ನ್ಯಾಯವಾಗಿ ಪಟ್ಟಿಯಲ್ಲಿ ಬರೆಯಿರಿ. ಸೋಪಿನ ಪುಡಿಯ ಲೆಕ್ಕದಲ್ಲಿ ಕಂಡಂತೆ ತಲುಪಿಸುವ ಖರ್ಚು ಸೇರಿದಾಗ ಅವನೇ ಗೆಲ್ಲುವುದುಂಟು.

ಈಗ ನಮ್ಮ ಪಟ್ಟಿಯಲ್ಲಿ

ಈಗ ನಮ್ಮ ಪಟ್ಟಿಗೆ ಎರಡು ಅಂಕಣಗಳು ಹೆಚ್ಚಾಗಿವೆ. ಒಂದು, ‘ಬರೆದವರಿಗೆ ಲಾಭವಿದೆಯೇ?’ ಇನ್ನೊಂದು, ‘ಕೊಂಡವರ ಅನುಭವ’. ಆ ಸಹೋದರಿಯನ್ನು ಯಾರೂ ಸಭೆಯಲ್ಲಿ ನಿಲ್ಲಿಸಿ ಅವಮಾನಿಸಲಿಲ್ಲ. ಬೀದಿಯ ಹಿರಿಯ ತಾಯಿಯೊಬ್ಬರು ಮೊದಲೇ ಮನೆಗೆ ಕರೆದು ಚಹಾ ಕೊಟ್ಟು ಮಾತನಾಡಿದ್ದರು. ತಪ್ಪನ್ನು ತಿದ್ದುವಾಗ ಮಾನವನ್ನು ಕಾಯುವುದೂ ಹಿತಚಿಂತನೆಯ ಭಾಗವೇ. ಈಗ ಆಕೆ ತಮ್ಮ ಸಾಲುಗಳ ಎದುರು ‘ಹೌದು, ಇದೆ’ ಎಂದು ಬರೆಯುತ್ತಾರೆ. ಹಲವರು ತಿಳಿದೇ ಆಕೆಯ ಲಿಂಕ್ ಮೂಲಕ ಕೊಳ್ಳುತ್ತಾರೆ. ನೆನೆದ ಧಾನ್ಯ ಮೇಲೆ ಬಂದಿದೆ. ಗಾಣದ ಎಣ್ಣೆಯ ಸಾಲೂ ಮರಳಿ ಬಂದಿದೆ.

ಈ ಪಟ್ಟಿಗಳಲ್ಲಿ ಒಂದು ವಿಶೇಷ ಏರ್ಪಾಡು ಇರುವುದನ್ನು ಆ ಕಾಲೇಜು ಹುಡುಗ ನನಗೆ ತೋರಿಸಿದ. ಯಾವ ದಿನ, ಯಾವ ಗಳಿಗೆಯಲ್ಲಿ ಯಾರು ಏನು ಬರೆದರು, ಯಾರು ಏನು ಅಳಿಸಿದರು ಎಂಬುದೆಲ್ಲ ಹಿಂದೆ ದಾಖಲಾಗುತ್ತದಂತೆ. ಗಾಣದ ಸಾಲು ಅಳಿದ ದಿನವನ್ನೂ ಅವನು ಅದರಿಂದಲೇ ಕಂಡುಹಿಡಿದಿದ್ದ. ಆದರೆ ನಾನು ಬರೆಯದೆ ಉಳಿದ ಎರಡು ಪದಗಳು ಆ ದಾಖಲೆಯಲ್ಲಿ ಎಲ್ಲಿಯೂ ಕಾಣಲಿಲ್ಲ. ನಮ್ಮೆಲ್ಲರ ಕರ್ಮಗಳು ಬರೆಯಲ್ಪಡುತ್ತಿರುವ ಇನ್ನೊಂದು ದಾಖಲೆಯಿದೆ ಎಂದು ನಂಬಿದವರು ನಾವು. ಬರೆದದ್ದಕ್ಕೂ ಬರೆಯದೆ ಬಿಟ್ಟದ್ದಕ್ಕೂ ಅಲ್ಲಿ ಲೆಕ್ಕವಿದೆ. ಇಂದು ನಿಮ್ಮ ಮೊಬೈಲಿನಲ್ಲಿ ಅಂಥ ಪಟ್ಟಿಯೊಂದಿದ್ದರೆ ಒಮ್ಮೆ ತೆರೆದು ನೋಡಿ. ನೀವು ತಿದ್ದಬೇಕಾದ ಒಂದು ಸಾಲು ಅದರಲ್ಲಿ ಇರಬಹುದು.